ಬೆಗಾಯಿಮ್‌ಳ ಬಲಗೈ

ಹುಟ್ಟಿ ನಲವತ್ತು ದಿನವಾದ ಮಗುವಿಗೆ ನಲವತ್ತರ ನೀರು ಹಾಕುವ ದಿನ ಸೈರಕಾನ್‌ಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದ ಹೆಂಗಸರೆಲ್ಲ ಬೋಗುಣಿಗೆ ಚಮಚದಲ್ಲಿ ಬೆಚ್ಚನೆಯ ನೀರು ಹಾಕಿ, ಮಗುವನ್ನು ಹರಸಿ, ಆಗಷ್ಟೇ ಕರಿದ ಹಿಟ್ಟಿನ ತುಣುಕು ಬೊರ್ಸೊಕ್ ತಿನ್ನುತ್ತ ಹರಟುತ್ತಿದ್ದರು.

ಅಲ್ಲಿಯವರೆಗೆ ಮಗು ಬೆಗಾಯಿಮ್ ತೊಟ್ಟಿಲಲ್ಲಿ ಬಟ್ಟೆ ಸುತ್ತಿಸಿಕೊಂಡೇ ಮಲಗಿದ್ದಳು. ಬಟ್ಟೆ ಬಿಚ್ಚಿ ನೀರಿಗಿಳಿಸಿದಾಗ ಎಡಗೈ ಪಟಪಟನೆ ನೀರು ಬಡಿಯಿತು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಪಕ್ಕೆಗೆ ಅಂಟಿಕೊಂಡಿತ್ತು.

“ಯಾರದೋ ಕಣ್ಣು ಬಿದ್ದಿದೆ” ಅಂದಳು ಒಬ್ಬಳು.

“ಕುರಿಕೊಬ್ಬು ಬಿಸಿ ಮಾಡಿ ತಿಕ್ಕಿ, ಸರಿಹೋಗತ್ತೆ” ಅಂದಳು ಇನ್ನೊಬ್ಬಳು.

ಸೈರಕಾನ್ ಮೊಮ್ಮಗಳ ದೃಷ್ಟಿ ತೆಗೆಯಲು ಹೊಗೆ ಹಾಕುವ ಸೊಪ್ಪು ಹುಡುಕತೊಡಗಿದಳು. ಅವಳ ಬೀಗಿತ್ತಿ ಬುರುಲ್ ಮಾತ್ರ ಏನೂ ಹೇಳದೆ ಮಗುವಿನ ಕೈಯನ್ನೇ ನೋಡುತ್ತ ಕುಳಿತಿದ್ದಳು. ಬುರುಲ್ ಜಿಲ್ಲಾ ನ್ಯಾಯಾಲಯದಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಅವಳ ಮಗಳು ಮೀರಿಮ್‌ಳೇ ಈ ಮನೆಯ ಸೊಸೆ. ಇಬ್ಬರು ಬೀಗಿತ್ತಿಯರಿಗೂ ಒಬ್ಬರನ್ನೊಬ್ಬರು ಕೆಣಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಅಂಥವಳು ಸುಮ್ಮನಿರುವುದು ಕಂಡು ಸೈರಕಾನ್‌ಗೆ ಭಯವಾಯಿತು.

ನೆಂಟರು ಹೋದ ಮೇಲೆ ಬುರುಲ್ ಮಗಳನ್ನು ಹತ್ತಿರ ಕೂರಿಸಿಕೊಂಡಳು. “ಹೆರಿಗೆ ಆಸ್ಪತ್ರೇಲಿ ಏನಾಯ್ತು? ಮೊದ್ಲಿಂದ ಹೇಳು.”

ಮೀರಿಮ್ ತಲೆ ತಗ್ಗಿಸಿಯೇ ಹೇಳಿದಳು. “ಸ್ಕ್ಯಾನ್ ಮಾಡ್ದಾಗ್ಲೇ ನಗರದ ಡಾಕ್ಟ್ರು ಹೇಳಿದ್ರು. ನಂಗೆ ಸಕ್ಕರೆ ಜಾಸ್ತಿ, ಮಗು ದೊಡ್ಡದು, ದೊಡ್ಡಾಸ್ಪತ್ರೇಲೇ ಹೆರಿಗೆ ಆಗ್ಬೇಕು ಅಂತ. ಇಲ್ಲಿನ ಆಸ್ಪತ್ರೇಲಿ ಅದನ್ನ ತೋರ್ಸಿದ್ರೆ ‘ಏನೂ ಬೇಡ, ಇಲ್ಲೇ ಆಗತ್ತೆ’ ಅಂದ್ರು. ನೋವು ತಡೀಲಾರ್ದೆ ಕೂಗ್ತಾನೇ ಇದ್ದೆ ಅಮ್ಮಾ. ಯಾರೂ ತಿರುಗಿ ನೋಡ್ಲಿಲ್ಲ. ಕೊನೇಲಿ ಬಂದಿದ್ದು ಒಬ್ಳೇ ದಾದಿ. ಮಗು ತಲೆ ಬಂತು, ಭುಜ ಸಿಕ್ಕಾಕೊಂಡ್ತು. ಅವಳು ಗಾಬರಿಯಾಗಿ ತಲೆ ಹಿಡಿದು ಎಳೆದ್ಲು. ಕೈ ಯಾಕೆ ಹೀಗಿದೆ ಅಂತ ಕೇಳಿದ್ರೆ, ತಾನಾಗೇ ಸರಿಹೋಗತ್ತೆ ಅಂತ ಮನೆಗೆ ಕಳಿಸ್ಬಿಟ್ರು. ನಾನೂ ನಂಬಿ ಯಾರಿಗೂ ಹೇಳ್ಲಿಲ್ಲ.”

“ಕೆಂಜೆಗುಲ್ ಡಾಕ್ಟ್ರು ಇದ್ಲಲ್ಲ?” ಅಂದಳು ಸೈರಕಾನ್.

“ಇದ್ರು ಅಪಾ. ಬರ್ಲೇ ಇಲ್ಲ” ಅಂದಳು ಮೀರಿಮ್ ಅತ್ತೆಗೆ.

ಬುರುಲ್ ಎದ್ದು ಮೊಮ್ಮಗಳನ್ನು ಎತ್ತಿಕೊಂಡಳು. “ಮೊದ್ಲು ಕೈ ನೋಡ್ಸೋಣ. ಆಮೇಲೆ ಇದನ್ನ ಕೇಳೋರು ಯಾರಿದ್ದಾರೆ ಅಂತ ನೋಡೋಣ. ಇದಕ್ಕೆಲ್ಲ ಕಾನೂನಿದೆ.”

ಸೈರಕಾನ್ ಅಡ್ಡ ಬಂದಳು. ಕೆಂಜೆಗುಲ್ ಅವಳ ಶಾಲೆಯ ಗೆಳತಿ. ಸೈರಕಾನ್‌ಳ ಮಗ, ಮೀರಿಮ್‌ಳ ಗಂಡ ಕುಬಾತ್ ಹುಟ್ಟಿದ್ದೇ ಆ ಗೆಳತಿಯ ಕೈಯಲ್ಲಿ. “ಏನ್ ಮಾತು ಬೀಗಿತ್ತೀ ಇದು? ಕೆಂಜೆಗುಲ್‌ನ ಕೋರ್ಟಿಗೆ ಎಳೀಬೇಕಾ? ಸಂತೇಲಿ ಎದುರು ಸಿಕ್ಕಿದ್ರೆ ನನ್ ಮುಖ ಎಲ್ಲಿಟ್ಕೊಳ್ಲಿ?”

“ಇರೋ ಜಾಗದಲ್ಲೇ ಇರ್ಲಿ. ಚೆನ್ನಾಗೇ ಇದೆ ನಿಮ್ ಮುಖ” ಅಂದಳು ಬುರುಲ್.

ಆ ವಾರವೇ ಮಗುವನ್ನು ನಗರಕ್ಕೆ ಕರೆದುಕೊಂಡು ಹೋದರು. ನರಗಳ ವೈದ್ಯರು ಪರೀಕ್ಷಿಸಿ, ಕುತ್ತಿಗೆಯಿಂದ ಕೈಗೆ ಬರುವ ನರಗಳು ಎಳೆತಕ್ಕೆ ಸಿಕ್ಕಿ ಪೆಟ್ಟಾಗಿವೆ ಎಂದರು. ದಿನವೂ ಕೈಗೆ ವ್ಯಾಯಾಮ ಮಾಡಿಸಬೇಕು, ಕೆಲವು ತಿಂಗಳಲ್ಲಿ ಚೇತರಿಕೆ ಕಾಣದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಹುಟ್ಟಿದ ವಾರದಲ್ಲೇ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು ಎಂದರು. ಆ ಕೊನೆಯ ಮಾತು ಸೈರಕಾನ್‌ಳನ್ನು ಇರಿಯಿತು. ಆದರೂ ಗೆಳತಿಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಮನೆಯ ಕೆನೆ ಒಂದು ಬಟ್ಟಲು ತುಂಬಿಕೊಂಡು, ಯಾರಿಗೂ ಹೇಳದೆ ಕೆಂಜೆಗುಲ್‌ಳ ಮನೆಗೆ ಹೋದಳು. ಗೆಳತಿಯರು ಕೂತು ಮಾತಾಡಿದರೆ ಬಗೆಹರಿಯದ್ದು ಏನಿದೆ ಎಂಬುದು ಅವಳ ಲೆಕ್ಕ.

ಕೆಂಜೆಗುಲ್ ಅಕ್ಕರೆಯಿಂದಲೇ ಮಾತಾಡಿದಳು. “ದೊಡ್ಡ ಮಕ್ಕಳಿಗೆ ಹೀಗೆ ಆಗತ್ತೆ ಕಣೇ, ಯಾರ ತಪ್ಪೂ ಅಲ್ಲ. ನಿನ್ ಬೀಗಿತ್ತಿಗೆ ಕೋರ್ಟು ಬಿಟ್ಟು ಬಂದ್ರೂ ಕೋರ್ಟಿನ ಚಟ ಬಿಟ್ಟಿಲ್ಲ.” ಹೊರಡುವಾಗ ಒಂದು ಕಾಗದ ಕೊಟ್ಟಳು. “ಮೀರಿಮ್ ಕೈಲಿ ಒಂದು ಸಹಿ ಹಾಕ್ಸು. ಸುಮ್ನೆ ಆಸ್ಪತ್ರೆ ಕಾಗದ.”

ಮನೆಯಲ್ಲಿ ಮೀರಿಮ್ ಆ ಕಾಗದವನ್ನು ಗಟ್ಟಿಯಾಗಿ ಓದಿದಳು. ಆಸ್ಪತ್ರೆಯ ಮೇಲೆ ತನಗೆ ಯಾವ ದೂರೂ ಇಲ್ಲ, ಮುಂದೆಯೂ ಏನನ್ನೂ ಕೇಳುವುದಿಲ್ಲ ಎಂದು ಅದರಲ್ಲಿತ್ತು. ಓದಿ ಮಡಿಚಿ ಅತ್ತೆಯ ಮುಂದಿಟ್ಟಳು.

“ಅಪಾ, ನೀವು ಹೇಳಿದ್ದಕ್ಕೆ ನಾನು ಯಾವತ್ತೂ ಇಲ್ಲ ಅಂದಿಲ್ಲ. ಇದಕ್ಕೆ ಅಂತೀನಿ. ನಾಳೆ ಇವ್ಳು ಜಡೆ ಹೆಣ್ಕೊಳ್ಳೋಕೆ ಕೈ ಎತ್ತಕ್ಕಾಗ್ದೆ, ಯಾಕಜ್ಜೀ ಹಿಂಗೆ ಅಂತ ಕೇಳಿದ್ರೆ ಏನ್ ಹೇಳ್ತೀರಾ? ಡಾಕ್ಟ್ರಿಗೆ ಬೇಜಾರಾಗತ್ತೆ ಅಂತ ಸುಮ್ನಿದ್ವಿ ಅಂತೀರಾ?”

ಸೈರಕಾನ್ ಎದ್ದು ಹೋಗಿ ಹಸುವಿನ ಹಾಲು ಕರೆದಳು. ಪಾತ್ರೆ ತುಂಬಿದರೂ ಅಲ್ಲಿಂದ ಏಳಲಿಲ್ಲ. ಕಡೆಗೆ ಅಲ್ಲೇ ಕುಳಿತು ಬೀಗಿತ್ತಿಗೆ ಫೋನ್ ಮಾಡಿದಳು.

“ನಿಮ್ ಮಗಳಿಗೆ ಬಾಯಿ ಬಂದಿದೆ ಬೀಗಿತ್ತೀ.”

“ನಮ್ಮನೇಲಿದ್ದಾಗ ಇರ್ಲಿಲ್ಲಪ್ಪ. ನಿಮ್ಮನೇಲೇ ಕಲ್ತಿರ್ಬೇಕು.”

“ನಾಳೆ ಬನ್ನಿ. ಏನ್ ಮಾಡ್ಬೇಕು ಅಂತ ಹೇಳ್ಕೊಡಿ.”

ಬೆಳಿಗ್ಗೆ ಬುರುಲ್ ಬಂದವಳೇ ಮೊದಲು ಅಳಿಯನನ್ನು ಕರೆದಳು. ಆಸ್ಪತ್ರೆಗೆ ನುಗ್ಗಿ ಆ ದಾದಿಯನ್ನು ವಿಚಾರಿಸಿಕೊಳ್ಳುತ್ತೇನೆ ಎಂದು ಕುಬಾತ್ ಹಲ್ಲು ಕಡಿಯುತ್ತಿದ್ದ.

“ಕೈ ಎತ್ತಿದ್ರೆ ಕೇಸು ನಿನ್ ಮೇಲೇ ಬೀಳತ್ತೆ ಮಗಾ. ಫೋನಲ್ಲಿ ಊರಿಗೆಲ್ಲ ಕಾಣೋ ಹಾಗೆ ಅವರ ಹೆಸ್ರು ಹಾಕಿ ಬೈಯೋದೂ ಬೇಡ. ಮೀರಿಮ್, ನೀನು ನಡೆದಿದ್ದೆಲ್ಲ ಮರೆಯೋ ಮುಂಚೆ ಬರೆದಿಡು. ಯಾರಿದ್ರು, ಏನಂದ್ರು, ಎಲ್ಲಾ. ಆಸ್ಪತ್ರೆಗೆ ಅರ್ಜಿ ಕೊಟ್ಟು ನಿನ್ನ ಚಿಕಿತ್ಸೆ ದಾಖಲೆ ನಕಲು ಕೇಳು. ಅದು ನಿನ್ನ ಹಕ್ಕು.”

“ಕೊಡಲ್ಲ ಅಂದ್ರೆ?” ಅಂದಳು ಸೈರಕಾನ್.

“ಕೊಡಲ್ಲ ಅನ್ನೋದನ್ನೇ ಬರೆದುಕೊಡಿ ಅನ್ನೋದು. ಹಾಗಂದ್ರೆ ತಾನಾಗೇ ಕೊಡ್ತಾರೆ.”

“ವಕೀಲ್ರಿಗೆ ಹಸು ಮಾರ್ಬೇಕಾಗತ್ತಲ್ಲ ಬೀಗಿತ್ತೀ.”

“ನಿಮ್ ಹಸು ಕೊಟ್ಟಿಗೇಲೇ ಇರ್ಲಿ. ಜಿಲ್ಲಾ ಕೇಂದ್ರದಲ್ಲಿ ಉಚಿತ ಕಾನೂನು ನೆರವು ಕೊಡ್ತಾರೆ.”

ಕಾನೂನು ನೆರವಿನ ಕಚೇರಿಯ ವಕೀಲೆ ಮೀರಿಮ್‌ಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. “ಹೆರಿಗೇಲಿ ಕೆಟ್ಟದ್ದಾಯ್ತು ಅಂದ್ರೆಲ್ಲಾ ಅದು ಡಾಕ್ಟ್ರ ತಪ್ಪು ಅಂತಲ್ಲಮ್ಮ. ಮಾಡ್ಬೇಕಾದ್ದನ್ನ ಮಾಡ್ಲಿಲ್ವಾ, ಅದರಿಂದಾನೇ ಪೆಟ್ಟಾಯ್ತಾ ಅಂತ ಹೊರಗಿನ ತಜ್ಞರು ನೋಡ್ಬೇಕು. ಮೊದ್ಲು ಆಸ್ಪತ್ರೆ ಮುಖ್ಯಸ್ಥರಿಗೂ ಆರೋಗ್ಯ ಇಲಾಖೆಗೂ ದೂರು ಕೊಡೋಣ. ತಪ್ಪು ಅಂತಾದ್ರೆ ಎದುರುಬದುರು ಕೂತು ರಾಜಿ ಮಾಡ್ಕೋಬಹುದು. ಒಪ್ಪದಿದ್ರೆ ಪರಿಹಾರಕ್ಕೆ ಸಿವಿಲ್ ಕೋರ್ಟಿದೆ. ಚಿಕಿತ್ಸೆ ಖರ್ಚು ಕೇಳ್ಬಹುದು, ನೀವು ಪಟ್ಟ ನೋವಿಗೂ ಕೇಳ್ಬಹುದು. ಜೀವ ಹೋಗಿದ್ರೆ, ದೊಡ್ಡ ಹಾನಿ ಆಗಿದ್ರೆ ಪೊಲೀಸ್ ದೂರಿಗೂ ದಾರಿ ಇದೆ. ಎಲ್ಲಕ್ಕೂ ಒಂದು ಗಡುವು ಅಂತಿರತ್ತೆ. ಬೇಗ ಬಂದಿದ್ದು ಒಳ್ಳೇದಾಯ್ತು.”

ದೂರು ಕೊಟ್ಟರು, ಕೊಟ್ಟದ್ದಕ್ಕೆ ಮೊಹರು ಹಾಕಿಸಿ ಒಂದು ಪ್ರತಿ ಇಟ್ಟುಕೊಂಡರು. ಊರಲ್ಲಿ ಗುಸುಗುಸು ಎದ್ದಿತು. ಒಂದಿಬ್ಬರು ಸೈರಕಾನ್‌ಳನ್ನು ಕಂಡು ಮುಖ ತಿರುಗಿಸಿದರು. ಅವಳು ಮೊಮ್ಮಗಳ ಕೈಯನ್ನು ದಿನವೂ ಮೆಲ್ಲಗೆ ಎತ್ತಿ ಇಳಿಸಿ ವ್ಯಾಯಾಮ ಮಾಡಿಸಿದಳು, ಮೀರಿಮ್ ಹಾಲೂಡುವಾಗ ಒಲೆಯ ಮುಂದೆ ತಾನೇ ನಿಂತಳು. ಸೊಸೆ “ಬಿಡಿ ಅಪಾ” ಅಂದರೆ, “ನೀನು ಕೋರ್ಟಿನೋರ ಮಗಳು, ನಿನಗೆ ಹೆದರ್ಲೇಬೇಕಲ್ಲ” ಎಂದು ನಗಿಸಿದಳು.

ಬೇಸಿಗೆ ಕಳೆಯುವ ಹೊತ್ತಿಗೆ ತಜ್ಞರ ವರದಿ ಬಂತು. ಮೀರಿಮ್‌ಳನ್ನು ಮೊದಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕಿತ್ತು, ಹೆರಿಗೆಯ ಹೊತ್ತಿನಲ್ಲಿ ವೈದ್ಯೆ ಪಕ್ಕದಲ್ಲಿರಬೇಕಿತ್ತು, ಸಿಕ್ಕಿಕೊಂಡ ಭುಜವನ್ನು ಬಿಡಿಸುವ ಕ್ರಮವನ್ನು ಪಾಲಿಸಿಲ್ಲ ಎಂದು ಅವರು ಬರೆದಿದ್ದರು. ಆಸ್ಪತ್ರೆ ಮಾತುಕತೆಗೆ ಒಪ್ಪಿತು.

ಮೇಜಿನ ಆ ಕಡೆ ಕೆಂಜೆಗುಲ್ ಕುಳಿತಿದ್ದಳು. ಸೈರಕಾನ್ ವಕೀಲೆಗಿಂತ ಮೊದಲೇ ಬಾಯಿ ತೆರೆದಳು.

“ಕುಬಾತ್ ಹುಟ್ಟೋವಾಗ ಬೆಳಗಾಗೋವರ್ಗೂ ನನ್ ಕೈ ಬಿಟ್ಟಿರ್ಲಿಲ್ಲ ನೀನು. ನನ್ ಸೊಸೆ ಕೂಗಿದ್ದು ಕೇಳ್ಸಲಿಲ್ವೇನೇ?”

ಕೆಂಜೆಗುಲ್ ಮುಂದಿದ್ದ ವರದಿಯನ್ನು ಮುಚ್ಚಿಟ್ಟಳು. “ಕೇಳಿಸ್ತು” ಅಂದಳು. “ಇನ್ನೊಬ್ಳಿಗೆ ರಕ್ತ ಹೋಗ್ತಿತ್ತು, ಬಿಟ್ಟು ಬರೋ ಹಾಗಿರ್ಲಿಲ್ಲ. ಇನ್ನೊಬ್ರು ಡಾಕ್ಟ್ರು ಬೇಕು ಅಂತ ಎಷ್ಟೋ ಸಲ ಕೇಳಿದ್ದೀನಿ, ಕೊಟ್ಟಿಲ್ಲ. ಆದ್ರೆ ಅವಳು ಬಂದ ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸ್ಬೇಕಿತ್ತು. ಅದು ನನ್ ಕೈಲಿತ್ತು, ಕಳಿಸ್ಲಿಲ್ಲ. ಆಮೇಲೆ ಆ ಕಾಗದ ಬೇರೆ ಕೊಟ್ಟೆ. ಮೀರಿಮ್, ತಪ್ಪಾಯ್ತು ಮಗಳೇ.”

ಮೀರಿಮ್ ತಲೆವಸ್ತ್ರದ ತುದಿಯನ್ನು ಬಾಯಿಗೊತ್ತಿಕೊಂಡು ಅತ್ತಳು. ಹೆರಿಗೆಯ ನಂತರ ಅವಳು ಎಲ್ಲರ ಮುಂದೆ ಅತ್ತದ್ದು ಅದೇ ಮೊದಲು. ಬುರುಲ್ ಏಳುವಷ್ಟರಲ್ಲಿ ಸೈರಕಾನ್ ಸೊಸೆಯನ್ನು ತಬ್ಬಿಕೊಂಡಿದ್ದಳು.

ಒಪ್ಪಂದವನ್ನು ಬರಹದಲ್ಲಿ ಮಾಡಿ, ನ್ಯಾಯಾಲಯದಿಂದಲೂ ಊರ್ಜಿತಗೊಳಿಸಿಕೊಂಡರು. ಬೆಗಾಯಿಮ್‌ಳ ಚಿಕಿತ್ಸೆಯ ಖರ್ಚು, ತಾಯಿಗೆ ಪರಿಹಾರ ಎರಡೂ ಆಸ್ಪತ್ರೆಯ ಪಾಲಿಗೆ ಬಂದವು. ಇಲಾಖೆ ಹೆರಿಗೆ ವಿಭಾಗಕ್ಕೆ ಇನ್ನೊಬ್ಬ ವೈದ್ಯರನ್ನು ಕೊಟ್ಟಿತು. ಸಿಕ್ಕಿಕೊಂಡ ಭುಜವನ್ನು ಬಿಡಿಸುವ ತರಬೇತಿ ದಾದಿಯರಿಗೆಲ್ಲ ಆಯಿತು. ಬೆಗಾಯಿಮ್‌ಳ ಕೈ ಪೂರ್ತಿ ಸರಿಹೋಗಿಲ್ಲ. ಆದರೆ ಈಗ ಭುಜದವರೆಗೆ ಏಳುತ್ತದೆ, ಅಜ್ಜಿಯ ತಟ್ಟೆಯಿಂದ ತಿಂಡಿ ಕದಿಯುವಷ್ಟು.

ಮೊದಲ ಹಿಮ ಬಿದ್ದ ದಿನ ಕೆಂಜೆಗುಲ್ ಮಗುವನ್ನು ನೋಡಲು ಬಂದಳು. ಸೈರಕಾನ್ ಚಹಾವನ್ನು ಬಟ್ಟಲಿನ ಅಂಚಿನವರೆಗೂ ಸುರಿದು ಮುಂದೆ ತಳ್ಳಿದಳು. ನಮ್ಮಲ್ಲಿ ಬಟ್ಟಲು ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದರ್ಥ. ಕೆಂಜೆಗುಲ್ ಕುಡಿದು, ಮಗುವಿನ ಕೈಯನ್ನು ಹಿಡಿದು ನೋಡಿ, ಇನ್ನೊಂದು ವ್ಯಾಯಾಮ ತೋರಿಸಿಕೊಟ್ಟು ಏಳಲು ಹೊರಟಳು.

“ಬಟ್ಟಲು ಇಲ್ಲಿ ಕೊಡು” ಅಂದಳು ಸೈರಕಾನ್. ಈ ಸಲ ತಳ ಮುಚ್ಚುವಷ್ಟೇ ಸುರಿದಳು. ಕೂತು ಮಾತಾಡುವವರಿಗೆ ಸುರಿಯುವುದು ಹಾಗೆಯೇ.

ಅಕ್ಕಂದಿರೇ, ಅಣ್ಣಂದಿರೇ, ಹೆರಿಗೆಯಲ್ಲಿ ನಿಮ್ಮವರಿಗೆ ಅನ್ಯಾಯವಾಗಿದೆ ಅನ್ನಿಸಿದರೆ ಹಣೆಬರಹ ಎಂದು ಸುಮ್ಮನಾಗಬೇಡಿ. ಮಗುವಿಗೂ ತಾಯಿಗೂ ಮೊದಲು ಚಿಕಿತ್ಸೆ ಕೊಡಿಸಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ದಾಖಲೆಯ ನಕಲು ಕೇಳಿ, ದೂರನ್ನು ಬರಹದಲ್ಲಿ ಕೊಡಿ, ಹತ್ತಿರದ ಉಚಿತ ಕಾನೂನು ನೆರವಿನ ಬಾಗಿಲು ಗಡುವು ಮುಗಿಯುವ ಮೊದಲೇ ತಟ್ಟಿ. ನಿಮ್ಮ ಮನೆಯ ಸೊಸೆ ಹೇಳುವುದನ್ನು ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ನೀವು ಕೇಳಿದ ಪ್ರಶ್ನೆಯಿಂದ ನಾಳೆ ಅದೇ ಮಂಚದ ಮೇಲೆ ಮಲಗುವ ಇನ್ನೊಬ್ಬಳ ಕೂಗಿಗೆ ಯಾರಾದರೂ ಓಡಿ ಬಂದಾರು.