ಡಬ್ಬಿಯ ಮೇಲಿನ ಸಾಲು

"ಪೊಸಿಷನಿಂಗ್ ಅಂದ್ರೆ ಏನು? ಯಾರು ಹೇಳ್ತೀರಿ?" ಎಂದು ಜಾಹೀರಾತಿನ ತರಬೇತಿ ಕೊಡಲು ಬಂದಿದ್ದ ಮೇಷ್ಟ್ರು ಕೇಳಿದಾಗ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲಿಂದಾಚೆಗೆ ಬರಲಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ತಂಗಿ ಎದ್ದು ನಿಂತಳು.

"ಗಿರಾಕಿ ಮನಸ್ಸಲ್ಲಿ ನಮ್ಮ ಮಾಲಿಗೆ ಒಂದು ಸೀಟು ಹಿಡಿಯೋದು ಸರ್. ಬಸ್ಸಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕ್ತೀವಲ್ಲ, ಹಾಗೆ."

ಇಡೀ ಕೋಣೆ ನಕ್ಕಿತು. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದೇಬಿಟ್ಟರು. ಆ ಸೀಟು, ಆ ಕರ್ಚೀಫು ಎರಡೂ ಅವಳವು. ಬೆಳಿಗ್ಗೆ ಬಸ್ಸಿನಲ್ಲಿ ತಂಗಿ, "ಅಕ್ಕಾ, ಈ ಪೊಸಿಷನಿಂಗ್ ಅಂದ್ರೆ ಏನೇ? ಬಾಯಿಗೂ ಬರಲ್ಲ, ತಲೆಗೂ ಹೋಗಲ್ಲ" ಎಂದಾಗ ಅವಳೇ ಹೇಳಿಕೊಟ್ಟಿದ್ದಳು.

"ನೀನು ಹೇಳಿದ್ದನ್ನೇ ಹೇಳ್ಬಿಟ್ಟೆ ಕಣೇ. ಹೇಗಿತ್ತು?" ತಂಗಿ ಕೂತು ಪಿಸುಗುಟ್ಟಿದಳು.

"ಚೆನ್ನಾಗಿತ್ತು."

ತಂಗಿಯೆಂದರೆ ಚಿಕ್ಕಮ್ಮನ ಮಗಳು. ಎರಡು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಇವರ ಮನೆಗೆ ಬಂದವಳು. ಹಿಮ್ಮಡಿ ಒಡಕಿಗೆ ಹಚ್ಚುವ ಮುಲಾಮು ತಯಾರಿಸುವ ಈ ಸಣ್ಣ ಕಂಪನಿಗೆ ಅವಳನ್ನು ಸೇರಿಸಿದ್ದೂ ಇವಳೇ. ಈಗ ಆಫೀಸಿನಲ್ಲಿ ತಂಗಿಗೆ ರೇಡಿಯೋ ಎಂದು ಅಡ್ಡಹೆಸರು, ಇವಳಿಗೆ ಡಿಕ್ಷನರಿ. ರೇಡಿಯೋ ಹಾಡಿದರೆ ಎಲ್ಲರೂ ಕಿವಿ ಕೊಡುತ್ತಾರೆ. ಡಿಕ್ಷನರಿ ಅವರಿಗೆ ನೆನಪಾಗುವುದು ಸಂದೇಹ ಬಂದಾಗ ಮಾತ್ರ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಅವಳಿಗಿದ್ದದ್ದು ನೀಲಿ ರಟ್ಟಿನ ಒಂದು ನೋಟ್‌ಬುಕ್ಕು. ಮೇಷ್ಟ್ರು ಉದುರಿಸಿದ ಇಂಗ್ಲಿಷ್ ಪದಗಳನ್ನೆಲ್ಲ ಅದರಲ್ಲಿ ಬರೆದು, ಎದುರಿಗೆ ತನ್ನದೇ ಅರ್ಥ ಇಟ್ಟಿದ್ದಳು. ಟಾರ್ಗೆಟ್ ಆಡಿಯನ್ಸ್: ನಾವು ಕರೆದರೆ ತಿರುಗಿ ನೋಡುವವರು. ಬ್ರ್ಯಾಂಡ್ ಲಾಯಲ್ಟಿ: ಬೇರೆಯದು ಅಗ್ಗವಾದರೂ ಕೈ ಹಳೆಯದರ ಕಡೆಗೇ ಹೋಗುವುದು. ಪೇನ್ ಪಾಯಿಂಟ್: ಗಿರಾಕಿ ಯಾರಿಗೂ ಹೇಳದ ನೋವು. ಬರೆದಾಗ ಅವೆಲ್ಲ ಅವಳವಾಗಿದ್ದವು. ತಂಗಿಯ ಬಾಯಿಗೆ ಹೋದ ಕೂಡಲೇ ತಂಗಿಯವಾಗುತ್ತಿದ್ದವು.

ತರಬೇತಿಯ ಕೊನೆಯ ದಿನ ಮ್ಯಾನೇಜರು ಒಳಗೆ ಬಂದರು. ಜಾಹೀರಾತು ವಿಭಾಗದಲ್ಲಿ ಒಂದು ಕಾಯಂ ಹುದ್ದೆಯಿತ್ತು, ಅದರ ಮೇಲೆ ಕಣ್ಣಿಟ್ಟವರು ಅಕ್ಕತಂಗಿ ಇಬ್ಬರೇ. ಸಿಗದವರು ಮೊದಲಿನಂತೆ ಪ್ಯಾಕಿಂಗ್ ವಿಭಾಗದಲ್ಲಿ ಚೀಟಿ ಅಂಟಿಸಬೇಕು. "ಎ-ಬಿ ಟೆಸ್ಟಿಂಗ್ ಮಾಡೋಣ. ಇಬ್ಬರೂ ಡಬ್ಬಿ ಮೇಲೆ ಒಂದೊಂದು ಸಾಲು ಬರೀರಿ. ಒಬ್ಬರದು ಒಂದಂಗಡಿ, ಇನ್ನೊಬ್ಬರದು ಇನ್ನೊಂದಂಗಡಿ. ವಾರದಲ್ಲಿ ಯಾರದ್ದು ಜಾಸ್ತಿ ಖರ್ಚಾಗುತ್ತೋ ಅವರಿಗೆ ಕುರ್ಚಿ."

ಅವಳು ಮೂರು ದಿನ ಕೂತು ಬರೆದಳು: "ನಿಮ್ಮ ಪ್ರತಿ ಹೆಜ್ಜೆಗೂ ಹೊಸ ಆತ್ಮವಿಶ್ವಾಸ." ಮೇಷ್ಟ್ರು ಹೇಳಿದ್ದೆಲ್ಲ ಅದರಲ್ಲಿತ್ತು. ತಂಗಿ ಟೀ ಕುಡಿಯುತ್ತಲೇ ಗೀಚಿಕೊಟ್ಟಳು: "ಇನ್ನು ಹಿಮ್ಮಡಿಗೆ ಹೊದಿಕೆಯ ನೂಲು ಸಿಕ್ಕಿಕೊಳ್ಳುವುದಿಲ್ಲ. ಮಗ್ಗುಲು ಬದಲಿಸಿ, ಹಾಯಾಗಿ ಮಲಗಿ."

ನೂಲಂತೆ! ಅವಳು ಒಳಗೊಳಗೇ ನಕ್ಕಿದ್ದಳು. ನಾಲ್ಕನೆಯ ದಿನ, ತಂಗಿಯ ಅಂಗಡಿಗೆ ಎರಡನೇ ಸಲ ಮಾಲು ಹೋಯಿತೆಂದು ಕೇಳಿದಾಗ ಆ ನಗು ಉಳಿಯಲಿಲ್ಲ.

ಅವತ್ತು ಸಂಜೆ ಮನೆಯ ಬಸ್ಸು ಬಿಟ್ಟು ಆ ಅಂಗಡಿಗೆ ಹೋದಳು. ತಂಗಿಯ ಡಬ್ಬಿಗಳು ಸರಿಯಾಗಿ ಕಣ್ಣಿನ ಎತ್ತರದ ಹಲಗೆಯಲ್ಲಿ ಸಾಲಾಗಿ ನಿಂತಿದ್ದವು. ಅವಳು ಆಚೀಚೆ ನೋಡಿ, ಒಂದೊಂದನ್ನೇ ತೆಗೆದು ಕೆಳಗಿನ ಹಲಗೆಯಲ್ಲಿ ಬೂಟ್ ಪಾಲಿಶಿನ ಹಿಂದೆ ಇಡತೊಡಗಿದಳು.

"ಏನಮ್ಮಾ, ಜೋಡಿಸ್ತಾ ಇದ್ದೀಯಾ? ಕನ್ನಡಕ ಬಿಟ್ಟು ಬಂದಿದ್ದೀನಿ. ಆ ಡಬ್ಬಿ ಮೇಲೇನಿದೆ ಸ್ವಲ್ಪ ಓದು."

ಆಸ್ಪತ್ರೆಯ ಆಯಾ ಇರಬೇಕು. ತಿಳಿನೀಲಿ ಸಮವಸ್ತ್ರ, ಐವತ್ತು ದಾಟಿದ ಮುಖ, ಹವಾಯಿ ಚಪ್ಪಲಿ. ಅವಳು ಕೈಯಲ್ಲಿದ್ದ ಡಬ್ಬಿ ನೋಡಿದಳು. ತಂಗಿಯ ಸಾಲು ನೋಡುತ್ತಲೇ ತನ್ನ ಸಾಲನ್ನು ಓದಿದಳು, "ನಿಮ್ಮ ಪ್ರತಿ ಹೆಜ್ಜೆಗೂ ಹೊಸ ಆತ್ಮವಿಶ್ವಾಸ."

"ಹಾಂ?" ಎಂದಳು ಆಯಾ. "ಆತ್ಮವಿಶ್ವಾಸ ತಗೊಂಡು ಕಾಲಿಗೆ ಹಚ್ಕೊಳ್ಳಲಾ? ಅಲ್ಲ, ಎರಡು ಸಾಲು ತುಂಬಾ ಬರೆದಿರೋ ಹಾಗಿದೆ, ನೀನು ಇಷ್ಟೇ ಓದಿದೆ?"

ಅವಳ ಕಿವಿ ಬಿಸಿಯಾಯಿತು. ಈ ಸಲ ಇದ್ದದ್ದನ್ನೇ ಓದಿದಳು.

ಆಯಾ ಗಟ್ಟಿಯಾಗಿ ನಕ್ಕಳು. "ಅಯ್ಯೋ ನನ್ನವ್ವ! ಇದು ಹೇಗೆ ಗೊತ್ತಾಯ್ತು ಇವರಿಗೆ? ರಾತ್ರಿ ಮಗ್ಗುಲು ಬದಲಾಯಿಸಿದ್ರೆ ಚರ್ರ್ ಅಂತ ನೂಲು ಎಳ್ಕೊಂಡು ಬರುತ್ತೆ. ಸೊಸೆ ಹೊಸ ಹೊದಿಕೆ ಕೊಟ್ಟಿದ್ಲು, ಹಾಳಾಗುತ್ತೆ ಅಂತ ಕಾಲು ಆಚೆ ಹಾಕ್ಕೊಂಡೇ ಮಲಗ್ತೀನಿ. ಯಾರಿಗೆ ಹೇಳೋದು ಇದನ್ನೆಲ್ಲ?" ಕೈ ಚಾಚಿದಳು. "ಎರಡು ಕೊಡು. ಯಾರಮ್ಮಾ ಬರೆದಿದ್ದು?"

"ನಾನೇ."

ಮಾತು ಎಂದೂ ಇಷ್ಟು ಸಲೀಸಾಗಿ ಬಂದಿರಲಿಲ್ಲ.

"ನೀನಾ?" ಆಯಾ ಅವಳ ಗಲ್ಲ ಮುಟ್ಟಿದಳು. "ನಿಮ್ಮಮ್ಮನ ಕಾಲು ನೋಡಿ ಬರೆದಿರ್ತೀಯ. ನೋಡದೆ ಇದು ಗೊತ್ತಾಗೋ ಮಾತಲ್ಲ. ಪುಣ್ಯವಂತೆ ನಿಮ್ಮಮ್ಮ."

ಆಯಾ ಹೋದ ಮೇಲೆ ಅವಳು ಅಲ್ಲೇ ನಿಂತಳು. ಅಮ್ಮನ ಕಾಲು ಹೇಗಿದೆ? ಹೊಲಿಗೆ ಯಂತ್ರ ತುಳಿಯುವಾಗ ಚಪ್ಪಲಿ ಕಾಣುತ್ತದೆ, ಮಲಗಿದಾಗ ಹೊದಿಕೆ ಕಾಣುತ್ತದೆ. ಅಮ್ಮನ ಜೊತೆ ಒಂದೇ ಮಂಚದಲ್ಲಿ ಮಲಗುವವಳು ತಂಗಿ. ಓದಲು ಬರೆಯಲು ಏಕಾಂತ ಬೇಕೆಂದು ಮುಂದಿನ ಕೋಣೆ ಕೇಳಿ ಪಡೆದವಳು ತಾನೇ.

ಕೆಳಗಿನ ಹಲಗೆಯ ಡಬ್ಬಿಗಳನ್ನೆಲ್ಲ ಮತ್ತೆ ಮೇಲಕ್ಕೆ ಇಟ್ಟಳು. ಒಂದನ್ನು ಉಳಿಸಿಕೊಂಡು ಕೌಂಟರಿಗೆ ಹೋದಳು. ಅಂಗಡಿಯವನು ಬಿಲ್ಲು ಹಾಕುತ್ತ, ಮುಲಾಮಿನ ಮಾರಾಟದ ಪಟ್ಟಿಯಲ್ಲಿ ಇನ್ನೊಂದು ಗೆರೆ ಎಳೆದ.

ಮನೆಗೆ ಬಂದಾಗ ಅಮ್ಮ ಮಂಚದ ಮೇಲೆ ಕೂತು ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ಅವಳು ಚೀಲವನ್ನೂ ಇಳಿಸದೆ ನೆಲದ ಮೇಲೆ ಕೂತಳು.

"ಅಮ್ಮಾ, ಕಾಲು ಕೊಡು."

"ಯಾಕೇ, ಏನಾಯ್ತು?"

"ಏನಿಲ್ಲ. ಕೊಡು."

"ನಿನ್ನ ತಂಗಿ ಈಗಷ್ಟೇ ಮುಲಾಮು ಹಚ್ಚಿ ಅಡುಗೆಮನೆಗೆ ಹೋದ್ಲಲ್ಲ," ಎಂದಳು ಅಮ್ಮ. "ತಿಂಗಳಾಯ್ತು, ಒಂದು ದಿನ ತಪ್ಪಿಸಿಲ್ಲ ಹುಡುಗಿ. ಮೊದಲು ರಕ್ತ ಬರ್ತಿತ್ತು, ಈಗ ನೋಡು."

ಹಿಮ್ಮಡಿಯಲ್ಲಿ ಬಿರುಕುಗಳ ಗುರುತು ಮಾತ್ರ ಉಳಿದಿತ್ತು, ಒಣಗಿದ ಕೆಸರಿನ ಮೇಲೆ ನೀರು ಹರಿದು ಹೋದಂತೆ.

"ಅಕ್ಕಾ, ಬಂದ್ಯಾ?" ಒಳಗಿನಿಂದ ತಂಗಿ ಕೂಗಿದಳು. "ಅಂಗಡಿ ಕಡೆ ಹೋಗಿದ್ಯಂತೆ, ಪ್ಯಾಕಿಂಗ್‌ನವನು ನೋಡಿ ಫೋನ್ ಮಾಡಿದ್ದ. ಯಾರದ್ದು ಜಾಸ್ತಿ ಹೋಗ್ತಾ ಇದೆ ಕಣೇ?"

ಅವಳು ಡಬ್ಬಿಯ ಮುಚ್ಚಳ ತಿರುಗಿಸಿದಳು. ಹೊಸದು, ಬಿಗಿಯಾಗಿತ್ತು.

"ನಿಂದು," ಎಂದಳು.

"ಏನು? ಕೇಳಿಸ್ಲಿಲ್ಲ!"

"ನಿಂದೇ ಕಣೇ."

ಒಳಗೆ ಪಾತ್ರೆಯ ಸದ್ದು ನಿಂತಿತು. ಅವಳು ಎರಡು ಬೆರಳಲ್ಲಿ ಮುಲಾಮು ತೆಗೆದು ಅಮ್ಮನ ಹಿಮ್ಮಡಿಗೆ ಇಟ್ಟಳು. "ಆಗಲೇ ಹಚ್ಚಿದ್ಲು ಅಂದ್ನಲ್ಲೇ," ಎಂದು ಅಮ್ಮ ಗೊಣಗಿದಳು, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಅವಳು ಉಜ್ಜುತ್ತಲೇ ಹೋದಳು. ಆಗಲೇ ಜಿಡ್ಡಾಗಿದ್ದ ಹಿಮ್ಮಡಿಯ ಮೇಲೆ ಬೆರಳು ಎಲ್ಲಿಯೂ ನಿಲ್ಲದೆ ಜಾರುತ್ತಿತ್ತು.