ಜುಬೈದಾ ಕುಡಿದ ಗಂಜಿ

ಹನ್ನೆರಡು ವರ್ಷ ಕಾಪುವಿನಲ್ಲಿ ಜ್ವರ, ಕೆಮ್ಮು, ಹೆರಿಗೆ ನೋಡಿಕೊಂಡಿದ್ದ ನಾನು, ನಲವತ್ತರ ಹತ್ತಿರ ಬಂದಾಗ ಮಣಿಪಾಲಕ್ಕೆ ಹೋಗಿ ಅರಿವಳಿಕೆ ಕಲಿತೆ. "ಪೀಟರ್ ಡಾಕ್ಟ್ರಿಗೆ ಈಗ ಜನರನ್ನು ಮಲಗಿಸುವ ಕೆಲಸವಂತೆ" ಎಂದು ಊರವರು ನಕ್ಕರು. ನಗಲಿ. ಮಲಗಿಸುವುದೇನು ಮಹಾ, ಎಬ್ಬಿಸುವುದು ಕಷ್ಟ.

೧೯೮೧ರ ಒಂದು ಬೆಳಿಗ್ಗೆ ಕಾರ್ಕಳದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಜುಬೈದಾ ಮೇಜಿನ ಮೇಲೆ ಮಲಗಿದ್ದಳು. ಹತ್ತೊಂಬತ್ತು ವರ್ಷ, ಅಪೆಂಡಿಕ್ಸ್. ಕಾಪುವಿನ ನಬೀಸಾರ ಮಗಳು, ಕಾರ್ಕಳಕ್ಕೆ ಮದುವೆಯಾಗಿ ಬಂದವಳು. ದಡಾರ ಬಂದಾಗಿನಿಂದ ಅವಳಿಗೆ ಮದ್ದು ಕೊಟ್ಟವನು ನಾನೇ. ರಾತ್ರಿಯಿಂದ ಹೊಟ್ಟೆಗೆ ಏನೂ ಕೊಟ್ಟಿಲ್ಲವೆಂದು ನರ್ಸ್ ವೆರೊನಿಕಾ ಆರು ಗಂಟೆಗೇ ಬರೆದಿಟ್ಟಿದ್ದಳು. ಮದ್ದು ಏರಿಸುವ ಮೊದಲು ಇನ್ನೊಮ್ಮೆ ಕೇಳುವುದು ನನ್ನ ಕ್ರಮ. ಅಂದು ಕೇಳಲಿಲ್ಲ. ನಮ್ಮವರೇ ಅಲ್ಲವೇ ಎಂಬ ಸಸಾರ.

ಮದ್ದು ಏರಿತು. ಹುಡುಗಿಯ ಮೈ ಸಡಿಲವಾಯಿತು. ಉಸಿರಿನ ಕೊಳವೆ ಇಳಿಸಲು ಬಾಯಿ ತೆರೆದರೆ ಗಂಟಲ ತುಂಬ ಗಂಜಿ. ಅದು ಶ್ವಾಸಕೋಶಕ್ಕೆ ಇಳಿದರೆ ಅವಳು ಉಳಿಯುವುದಿಲ್ಲ.

"ತಲೆ ಕೆಳಗೆ ಮಾಡಿ!" ಎಂದು ಕಿರುಚಿದೆ. ಗಂಟಲಿನಿಂದ ಹೀರಿ ತೆಗೆಯುವ ಯಂತ್ರ ಹಾಕಿದರೆ ಕರೆಂಟಿಲ್ಲ. ವೆರೊನಿಕಾ ಕಾಲಿನಿಂದ ತುಳಿಯುವ ಪಂಪನ್ನು ಎಳೆದು ತಂದು ತುಳಿಯತೊಡಗಿದಳು. ಅಗುಳು ಸಿಕ್ಕಿ ಪಂಪಿನ ನಳಿಗೆ ಕಟ್ಟಿಕೊಂಡಿತು. ಬೆರಳು ಹಾಕಿ ಬಾಚಿದೆ. ತುಟಿ ನೀಲಿಯಾಗುತ್ತಿತ್ತು.

"ಪೀಟರ್, ನಾಡಿ ಇಳಿಯುತ್ತಾ ಉಂಟು" ಎಂದ ಸರ್ಜನ್ ಶೇಖರ. ನರ್ಸಿಂಗ್ ಹೋಮೂ ಅವನದೇ.

"ಸುಮ್ಮನಿರು ಮಾರಾಯ!"

ಕೊನೆಗೂ ಕೊಳವೆ ಇಳಿಯಿತು. ಆಮ್ಲಜನಕದ ಚೀಲ ಒತ್ತಿದೆ. ತುಟಿಗೆ ಬಣ್ಣ ಬರುವವರೆಗೆ ಒತ್ತುತ್ತಲೇ ಇದ್ದೆ.

ಆಪರೇಷನ್ ಮುಗಿದು ಹುಡುಗಿ ಕಣ್ಣು ಬಿಟ್ಟಳು. ಆದರೆ ಎದೆಯ ಬಲಗಡೆ ಸುಯ್ ಸುಯ್ ಸದ್ದು. ಗಂಜಿ ಸ್ವಲ್ಪ ಒಳಗೆ ಹೋಗಿತ್ತು. ಸಂಜೆಯೊಳಗೆ ಏನು ಬೇಕಾದರೂ ಆಗಬಹುದು.

ಹೊರಗೆ ಬಂದಾಗ ಸಿಟ್ಟು ನೆತ್ತಿಗೇರಿತ್ತು. "ಇವಳಿಗೆ ಗಂಜಿ ಕೊಟ್ಟದ್ದು ಯಾರು?"

ನಬೀಸಾ ಎದ್ದು ನಿಂತರು. "ನಾನೇ ಡಾಕ್ಟ್ರೇ, ಎಂಟು ಗಂಟೆಗೆ. ಸಿಸ್ಟರ್ ಬೇಡ ಅಂತ ಹೇಳಿದ್ದರು. ಆದರೆ ಗಂಜಿ ಕುಡಿಸದೆ ಇಂಜೆಕ್ಷನ್‌ಗೆ ಕರೆದುಕೊಂಡು ಬರಬೇಡಿ ಅಂತ ಯಾವಾಗಲೂ ಹೇಳುವುದು ನೀವೇ ಅಲ್ವಾ? ಅವರ ಮಾತು ಯಾಕೆ ಕೇಳುವುದು, ನಮ್ಮ ಡಾಕ್ಟ್ರು ಹೇಳಿದ್ದು ಉಂಟಲ್ಲ ಅಂತ ಕುಡಿಸಿದೆ."

ಹೌದು. ಖಾಲಿ ಹೊಟ್ಟೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಜನ ತಲೆ ತಿರುಗಿ ಬೀಳುತ್ತಿದ್ದರೆಂದು ಕಾಪುವಿನ ಮನೆಮನೆಗೂ ಅದನ್ನು ಹೇಳಿದವನು ನಾನೇ. ತುಂಬ ನಾಚಿಕೆಯಾಯಿತು.

ಹಿಂದಿನಿಂದ ಶೇಖರ ಗುಡುಗಿದ. "ವೆರೊನಿಕಾ, ನೀನು ಎಂತ ನೋಡಿದ್ದು? ನಾಳೆಯಿಂದ ಬರಬೇಡ."

"ಅವಳನ್ನು ಬಿಡು. ಕೇಳಬೇಕಾದವನು ನಾನು, ಕೇಳಲಿಲ್ಲ" ಎಂದೆ.

ಅಂದು ಬೇರೆಲ್ಲಿಗೂ ಹೋಗಲಿಲ್ಲ. ಗಳಿಗೆಗೊಮ್ಮೆ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೂತೆ. ಐದೂವರೆಗೆ ಉಸಿರು ತಿಳಿಯಾಯಿತು. ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

"ಇನ್ನು ಅವಳಿಗೆ ಕುಡಿಯಲಿಕ್ಕೆ ಏನಾದರೂ ಕೊಡಬಹುದಾ ಡಾಕ್ಟ್ರೇ?" ಎಂದು ನಬೀಸಾ ಕೇಳಿದರು.

"ನನ್ನನ್ನು ಕೇಳಬೇಡಿ. ಸಿಸ್ಟರನ್ನು ಕೇಳಿ, ಅವರು ಹೇಳಿದ ಹಾಗೆ ಮಾಡಿ."

ನಬೀಸಾ ಸಿಸ್ಟರ್ ಬಳಿ ಹೋಗದೆ ನನ್ನ ಮುಖವನ್ನೇ ನೋಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ನನ್ನ ಮಾತು ನಂಬಲಿಲ್ಲ.