ನಾದಿನಿ ಬರೆದ ಪ್ರಯೋಗ

ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಒಂಬತ್ತು ವರ್ಷ ಕೂತು ಅವಳು ಇಂಗ್ಲಿಷ್ ನುಡಿಗಟ್ಟುಗಳ ಕೋಶವೊಂದನ್ನು ಬರೆದಳು. ಒಂದೊಂದು ನುಡಿಗಟ್ಟಿಗೆ ಒಂದೊಂದು ಚೀಟಿ: ಮೇಲೆ ಇಂಗ್ಲಿಷ್ ಮಾತು, ಕೆಳಗೆ ಕನ್ನಡದಲ್ಲಿ ಅರ್ಥ, ಅದರ ಕೆಳಗೆ ಬಳಸುವ ರೀತಿ ತೋರಿಸುವ ಒಂದು ವಾಕ್ಯ. ಚೀಟಿ ತುಂಬಿದ ಹಳೇ ಚಪ್ಪಲಿ ಡಬ್ಬಿಗಳು ಕಿಟಕಿಯ ಎತ್ತರಕ್ಕೆ ಬೆಳೆದವು. ಕೆಲಸದವರೆಲ್ಲ ಅವಳನ್ನು ಚೀಟಿಯಮ್ಮ ಎಂದೇ ಕರೆಯುತ್ತಿದ್ದರು.

ಅಚ್ಚುಕೂಟ ಅವಳ ಅಕ್ಕನ ಗಂಡನದು. ಭಾವ ಮಾತಿನ ಮಲ್ಲ. ಆಗಾಗ ಬಾಗಿಲಲ್ಲಿ ತಲೆ ಹಾಕಿ, "ಎಲ್ಲಿಗೆ ಬಂತಮ್ಮ? ಎಂ ಅಕ್ಷರ ಮುಗೀತಾ? ಇಬ್ಬರ ಹೆಸರೂ ಹಾಕೋಣ, ದೊಡ್ಡಕ್ಷರದಲ್ಲಿ" ಎಂದು ಹೋಗುತ್ತಿದ್ದರು. ಒಂದು ಚೀಟಿಯನ್ನೂ ಓದಿದವರಲ್ಲ.

ಮುಖಪುಟದ ಕರಡು ಬಂದಾಗ ಅದರಲ್ಲಿ ಒಂದೇ ಹೆಸರಿತ್ತು, ಭಾವನದು. ಮುನ್ನುಡಿಯ ಕೊನೆಯಲ್ಲಿ 'ಚೀಟಿ ಜೋಡಿಸಿಕೊಟ್ಟ ನಾದಿನಿಗೂ ಋಣಿ' ಎಂಬ ಸಾಲು. ಕರಡು ಹಿಡಿದುಕೊಂಡೇ ಅವಳು ಭಾವನ ಮೇಜಿನ ಮುಂದೆ ನಿಂತಳು.

"ಭಾವ, ನನ್ನ ಹೆಸರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲಮ್ಮ, ಬಿಟ್ಟಿದ್ದೀನಿ. ಪುಸ್ತಕ ಓಡಬೇಕಂದ್ರೆ ಜನಕ್ಕೆ ಗೊತ್ತಿರೋ ಹೆಸರು ಬೇಕು. ನಿನ್ನ ಹೆಸರು ಯಾರಿಗೆ ಗೊತ್ತು ಹೇಳು? ಮನೆಯವರಲ್ಲೇ ನಂದು ನಿಂದು ಅಂತ ಏನಿದೆ?"

ಅಕ್ಕನ ಬಳಿ ಹೋದಳು. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. "ಹೋಗ್ಲಿ ಬಿಡೆ. ಹೆಸರೇನು ಹೊಟ್ಟೆ ತುಂಬಿಸುತ್ತಾ?"

ಅವಳು ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಕೊನೆಯ ಕರಡು ತಿದ್ದುವ ಕೆಲಸ ಅವಳದೇ. ಹೋಗಿ ಅದರ ಮುಂದೆ ಕೂತಳು.

ಎಸ್ ಅಕ್ಷರದಲ್ಲಿ 'ಸ್ಟೀಲ್ ದ ಶೋ' ಸಿಕ್ಕಿತು. ಪದಕ್ಕೆ ಪದ ಹಿಡಿದರೆ ಆಟವನ್ನೇ ಕದಿಯುವುದು. ಅವಳು ಕೊಟ್ಟಿದ್ದ ಅರ್ಥ: 'ಉಳಿದವರೆಲ್ಲ ಮಂಕಾಗುವಂತೆ ತಾನೊಬ್ಬನೇ ಮಿಂಚಿ, ಸಭೆಯ ಕಣ್ಣನ್ನೆಲ್ಲ ತನ್ನತ್ತ ಸೆಳೆದುಕೊಳ್ಳುವುದು.' ಹೊಗಳಿಕೆಯ ಮಾತು. ಈ ಕಳ್ಳತನಕ್ಕೆ ಚಪ್ಪಾಳೆ ಬೀಳುತ್ತದೆ. ಅರ್ಥವನ್ನು ಅವಳು ಮುಟ್ಟಲಿಲ್ಲ. ನಾಟಕದಲ್ಲಿ ಎರಡೇ ಮಾತಾಡಿದ ಮುದುಕ ನಾಯಕನನ್ನೂ ಮೀರಿಸಿದ ಎಂಬ ಪ್ರಯೋಗವಾಕ್ಯ ಕೆಳಗಿತ್ತು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಬೇರೊಂದು ಬರೆದಳು.

ಅಕ್ಷರ ಜೋಡಿಸುವಾತ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದ. "ಚೀಟಿಯಮ್ಮ, ಇದು ಹೀಗೇ ಹೋಗ್ಲಾ?"

"ಹೀಗೇ ಹೋಗ್ಲಿ."

"ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರ್ಕೊಳ್ತು ಅಂತಾರಲ್ಲ," ಎಂದ ಆತ, ಕನ್ನಡಕ ಏರಿಸುತ್ತ. "ಗೆದ್ದಲು ತಿರುಗಿ ಕಚ್ಚಿದ್ದನ್ನ ಇವತ್ತೇ ನೋಡಿದ್ದು."

ಬಿಡುಗಡೆಗೆ ಎರಡು ದಿನವಿರುವಾಗ ಭಾವನೇ ಕೋಣೆಗೆ ಬಂದರು. "ವೇದಿಕೆ ಮೇಲೆ ಓದೋಕೆ ನಾಲ್ಕು ಒಳ್ಳೇ ನುಡಿಗಟ್ಟು ಗುರುತು ಹಾಕಿಕೊಡಮ್ಮ."

ಆ ವಾಕ್ಯ ಎಂದಾದರೊಂದು ದಿನ ಯಾರ ಕಣ್ಣಿಗಾದರೂ ಬಿದ್ದರೆ ಸಾಕು ಎಂದುಕೊಂಡಿದ್ದಳು ಅವಳು. ಈಗ ಕೋಳಿ ತಾನಾಗಿಯೇ ಬಂದು ಬುಟ್ಟಿಯಲ್ಲಿ ಕೂತಿತ್ತು. ನಾಲ್ಕು ಪುಟಗಳಲ್ಲಿ ಕಾಗದದ ಪಟ್ಟಿ ಇಟ್ಟಳು. ನಾಲ್ಕನೆಯದು 'ಸ್ಟೀಲ್ ದ ಶೋ' ಇದ್ದ ಪುಟ.

ಸಭಾಂಗಣ ತುಂಬಿತ್ತು. ಮೇಷ್ಟ್ರುಗಳು, ಗ್ರಂಥಪಾಲಕರು, ಪುಸ್ತಕದಂಗಡಿಯವರು. ಅಕ್ಕ ಮೊದಲ ಸಾಲಿನಲ್ಲಿ, ಅವಳು ಕೊನೆಯ ಸಾಲಿನಲ್ಲಿ. ಪುಸ್ತಕ ಆಗಲೇ ಎಲ್ಲರ ಕೈಗೂ ಹಂಚಿಹೋಗಿತ್ತು. ಭಾವ ಪುಟಸಂಖ್ಯೆ ಹೇಳಿ ಹೇಳಿ ಮೂರು ನುಡಿಗಟ್ಟು ಓದಿದರು. ಮೂರಕ್ಕೂ ಚಪ್ಪಾಳೆ ಬಿತ್ತು. ನಾಲ್ಕನೆಯದಕ್ಕೆ ದನಿ ಏರಿಸಿದರು. ಅರ್ಥ ಓದಿ, "ಇನ್ನು ಇದರ ಪ್ರಯೋಗ ಕೇಳಿ" ಎಂದರು.

"'ಒಂಬತ್ತು ವರ್ಷ ಹಿಂದಿನ ಕೋಣೆಯಲ್ಲಿ ಕೂತು ಕೋಶ ಬರೆದವಳು ನಾದಿನಿ...'"

ಭಾವ ಅಲ್ಲಿಗೇ ನಾಲಿಗೆ ಕಚ್ಚಿಕೊಂಡರು. ನೀರು ಕುಡಿದರು. ಪುಟ ತಿರುವಲು ಹೋದರು. ಅಷ್ಟರಲ್ಲಿ ನಡುವಿನ ಸಾಲಿನ ನಿವೃತ್ತ ಮೇಷ್ಟ್ರೊಬ್ಬರು, ತಡವರಿಸಿದ ಹುಡುಗನಿಗೆ ಪಾಠ ಎತ್ತಿಕೊಡುವ ಹಳೇ ಅಭ್ಯಾಸದಿಂದ, ಉಳಿದದ್ದನ್ನು ಗಟ್ಟಿಯಾಗಿ ಓದಿಯೇಬಿಟ್ಟರು: "'ಬಿಡುಗಡೆಯ ದಿನ ವೇದಿಕೆ ಹತ್ತಿ ಮೆರೆದವರು ಭಾವ.'"

ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ಅಧ್ಯಕ್ಷತೆ ವಹಿಸಿದ್ದ ಹಿರಿಯಾಕೆ ಮೈಕು ಎಳೆದುಕೊಂಡು, "ಆ ನಾದಿನಿ ಇಲ್ಲಿದ್ದಾರಾ?" ಎಂದು ಕೇಳಿದರು.

ಅವಳು ಎದ್ದು ನಿಂತಳು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ತಿರುಗದ ತಲೆ ಅಕ್ಕನದೊಂದೇ. ವೇದಿಕೆಗೆ ಕರೆದರೂ ಅವಳು ಹೋಗಲಿಲ್ಲ. ಅಲ್ಲಿಂದಲೇ ಭಾವನನ್ನು ಕಣ್ತುಂಬ ನೋಡಿದಳು.

ಆ ಒಂದು ಪುಟಕ್ಕಾಗಿಯೇ ಜನ ಪುಸ್ತಕ ಕೊಂಡರು. ಪ್ರತಿಗಳು ಮುಗಿದಾಗ ಭಾವ ಅವಳ ಮನೆಗೆ ಬಂದರು, ಕೂರಲಿಲ್ಲ.

"ಮುಖಪುಟದಲ್ಲಿ ನಿನ್ನದೊಂದೇ ಹೆಸರು ಬೇಕಾದ್ರೂ ಹಾಕ್ತೀನಿ. ಆ ವಾಕ್ಯ ತೆಗಿಯಮ್ಮ."

"ಹೆಸರು ಬೇಡ ಭಾವ, ವಾಕ್ಯ ಇರಲಿ. ಅಚ್ಚುಕೂಟ ನಿಮ್ಮದು, ಬೇಕಿದ್ರೆ ನೀವೇ ತೆಗೀರಿ. ಎಲ್ಲಿ ಹೋಯ್ತು ಅಂತ ಕೇಳಿದವರಿಗೆ ಉತ್ತರಾನೂ ನೀವೇ ಕೊಡಿ."

ಎರಡನೆಯ ಮುದ್ರಣದಲ್ಲಿ ಮುಖಪುಟದ ಮೇಲೆ ಭಾವನ ಹೆಸರೊಂದೇ ಇತ್ತು, ಒಳಗೆ ಆ ವಾಕ್ಯವೂ ಇತ್ತು.

ಅಕ್ಕ ಮಾತು ಬಿಟ್ಟಳು. ಒಮ್ಮೆ ತರಕಾರಿ ಅಂಗಡಿಯಲ್ಲಿ ಎದುರಾದಾಗ, ಆರಿಸಿದ್ದನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಅದು ಚುಚ್ಚಿತು, ಬಹಳ ದಿನ ಚುಚ್ಚಿತು. ಆದರೂ ಮಾಡಿದ್ದು ತಪ್ಪಾಯಿತು ಎಂದು ತನಗೆ ಒಮ್ಮೆಯಾದರೂ ಅನಿಸಲಿ ಎಂದು ಅವಳು ಕಾದಳು. ಅನಿಸಲೇ ಇಲ್ಲ.